ಕೂಸಿಗೆ ಥಂಡಿಯಷ್ಟೇ ಅಲ್ಲ, ಹೊಗೆಯೂ ಕೆಟ್ಟದ್ದು

ಥಂಡಿ ಶುರುವಾದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ನಮ್ಮ ಮನೆಗಳಲ್ಲಿ ಕೂಸಿಗೆ ಕುಂಚಿಗೆ, ಕೌದಿ ಹೊರಬರುತ್ತವೆ. ಅದು ಒಳ್ಳೆಯದೇ. ಆದರೆ ಗಾಳಿ ಬರಬಾರದೆಂದು ಬಾಗಿಲು, ಕಿಟಕಿ ಮುಚ್ಚಿ, ಹಂಡೆಯ ಒಲೆ ಮುಂದೆ ಕೂಸನ್ನು ಕೂರಿಸುವುದು ಬೇಡ ಎನ್ನುತ್ತೇವೆ ನಾವು. ಕಟ್ಟಿಗೆಯ ಹೊಗೆಯಿಂದ ಎಳೆಯ ಮಕ್ಕಳಿಗೆ ನ್ಯುಮೋನಿಯಾದ ಅಪಾಯ ಹೆಚ್ಚುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿದರಂತೂ ಜೀವಕ್ಕೇ ಕುತ್ತು.

ಅವ್ವ ನೀರು ಕಾಯಿಸುವಾಗ ಅಪ್ಪ ಕೂಸನ್ನು ಎತ್ತಿಕೊಂಡು ಹೊರಗೆ ಬಿಸಿಲಿಗೆ ಬರಲಿ. ಅದು ಬರೀ ಅಜ್ಜಿಯ ಕೆಲಸವಲ್ಲ.

ಕೆಮ್ಮಿದ್ದರೆ ಅಂಗಿ ಎತ್ತಿ, ಮೊಬೈಲಿನಲ್ಲಿ ಒಂದು ನಿಮಿಷ ನೋಡಿಕೊಂಡು ಉಸಿರು ಎಣಿಸಿ. 1ರಿಂದ 5 ವರ್ಷದ ಮಗು ಅಳದೆ ಸುಮ್ಮನಿದ್ದಾಗಲೂ 40 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಇಲ್ಲವೇ ಪಕ್ಕೆ ಒಳಗೆಳೆಯುತ್ತಿದ್ದರೆ, ಕಷಾಯ ಕುಡಿಸುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಒಯ್ಯಿರಿ.