ಕಡತದ ದಿನಾಂಕ: ಸೂಚನೆ ಮಾತ್ರ, ಸಾಕ್ಷಿಯಲ್ಲ

ವ್ಯವಹಾರದಲ್ಲಿ ದಿನಾಂಕಕ್ಕಿರುವ ಬೆಲೆಯನ್ನು ವರ್ತಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ದರವನ್ನು ಯಾವ ದಿನ ಹೇಳಲಾಯಿತು, ಮಾಲು ಯಾವ ದಿನ ಲಾರಿ ಏರಿತು, ಬಿಲ್ಲು ಯಾವ ದಿನ ಕೈಸೇರಿತು ಎಂಬುದರ ಮೇಲೆಯೇ ಬಡ್ಡಿ, ಬಾಕಿ, ತೆರಿಗೆ, ತಕರಾರು ಇವೆಲ್ಲವೂ ನಿಂತಿರುತ್ತವೆ. ಇಷ್ಟು ಮುಖ್ಯವಾದ ದಿನಾಂಕವನ್ನು ರಾಯಚೂರು ನಗರದ ಗಂಜಿನಿಂದ ಹಿಡಿದು ದೇವದುರ್ಗ, ಮಾನ್ವಿಯ ಅಂಗಡಿ ಹಾಗೂ ಗಿರಣಿಗಳವರೆಗೆ ಅನೇಕರು ಇಂದು ಕಂಪ್ಯೂಟರಿನಲ್ಲಿ ಕಡತದ ಹೆಸರಿನ ಪಕ್ಕ ಕಾಣುವ ಒಂದು ಸಾಲಿಗೆ ಒಪ್ಪಿಸಿಬಿಟ್ಟಿದ್ದಾರೆ. ಆ ಸಾಲು ಅಷ್ಟು ಭಾರವನ್ನು ಹೊರಬಲ್ಲುದೇ ಎಂಬುದನ್ನು ಒಮ್ಮೆ ಸಾವಧಾನವಾಗಿ ಪರಿಶೀಲಿಸುವುದು ಅಗತ್ಯ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಮಾನ್ವಿಯ ಅಕ್ಕಿ ಗಿರಣಿಯೊಂದು ತಿಂಗಳ 5ರಂದು ರಾಯಚೂರಿನ ವ್ಯಾಪಾರಿಗೆ ಸೋನಾ ಮಸೂರಿಯ ದರಪತ್ರವನ್ನು ಸಿದ್ಧಪಡಿಸಿ ಕಳುಹಿಸುತ್ತದೆ. 28ರ ಹೊತ್ತಿಗೆ ಪೇಟೆಯ ಧಾರಣೆ ಏರಿ, ಹಳೆಯ ದರದ ಬಗ್ಗೆ ತಕರಾರು ಏಳುತ್ತದೆ. ಗಿರಣಿಯ ಗುಮಾಸ್ತರು ಕಡತವನ್ನು ತೆರೆದು ನೋಡಿ ಮುಚ್ಚುತ್ತಾರೆ. ಸಂಜೆ ಪಾಲುದಾರರು ನೋಡುವಾಗ ಕಡತದ ಮಾರ್ಪಾಟು ದಿನಾಂಕ 28 ಎಂದಿದೆ. ಪತ್ರದ ಮೇಲ್ಭಾಗದ ತಾರೀಖೂ 28 ಆಗಿದೆ. ಹಾಗಾದರೆ ದರವನ್ನು ತಿದ್ದಿದವರು ಯಾರು? ತೆರೆದು ನೋಡಿದ್ದನ್ನು ಬಿಟ್ಟು ಬೇರೇನೂ ಮಾಡಿಲ್ಲವೆಂದು ಗುಮಾಸ್ತರು ಹೇಳಿದರೆ ನಂಬುವವರು ವಿರಳ. ಆದರೂ ಅವರ ಮಾತು ಪೂರ್ಣ ನಿಜವಾಗಿರುವುದು ಸಾಧ್ಯ. ವರ್ಷಗಟ್ಟಲೆ ದುಡಿದವರ ಮೇಲಿನ ವಿಶ್ವಾಸವನ್ನು ಯಂತ್ರದ ಒಂದು ಸಾಲು ಕೆಡಿಸುವುದಾದರೆ, ಆ ಸಾಲಿನ ಅರ್ಥವನ್ನು ತಿಳಿಯುವುದು ಮಾಲೀಕರ ಕರ್ತವ್ಯವಾಗುತ್ತದೆ.

ದಿನಾಂಕ ಬದಲಾಗುವ ಬಗೆ

ವಿಂಡೋಸ್ ವ್ಯವಸ್ಥೆಯು ಪ್ರತಿಯೊಂದು ಕಡತಕ್ಕೂ ಮುಖ್ಯವಾಗಿ ಮೂರು ದಿನಾಂಕಗಳನ್ನು ಇಡುತ್ತದೆ: ರಚನೆಯಾದುದು, ಮಾರ್ಪಾಟಾದುದು, ಕಡೆಯ ಬಾರಿ ತೆರೆದುದು. ಮೂರನೆಯದಂತೂ ಹೆಚ್ಚು ಭರವಸೆಗೆ ತಕ್ಕುದಲ್ಲ; 2007ರಲ್ಲಿ ಬಂದ ವಿಂಡೋಸ್ ವಿಸ್ತಾದಲ್ಲಿ ಯಂತ್ರದ ವೇಗಕ್ಕಾಗಿ ಅದರ ನಮೂದನ್ನೇ ಸಾಮಾನ್ಯವಾಗಿ ನಿಲ್ಲಿಸಿಡಲಾಗಿತ್ತು. ಮೊದಲನೆಯದು ಹೆಸರಿಗೆ ರಚನೆಯ ದಿನಾಂಕವಾದರೂ, ಕಡತವನ್ನು ಪೆನ್ ಡ್ರೈವಿಗೋ ಇನ್ನೊಂದು ಕಂಪ್ಯೂಟರಿಗೋ ನಕಲು ಮಾಡಿದಾಗ ಆ ನಕಲಿಗೆ ನಕಲು ಮಾಡಿದ ಹೊತ್ತೇ ರಚನೆಯ ದಿನಾಂಕವಾಗಿ ಬೀಳುತ್ತದೆ. ಆದ್ದರಿಂದಲೇ ಮಾರ್ಪಾಟಿನ ದಿನಾಂಕ ಹಿಂದಿನದು, ರಚನೆಯ ದಿನಾಂಕ ಮುಂದಿನದು ಎಂಬ ವಿಚಿತ್ರ ಕಾಣಸಿಗುತ್ತದೆ. ಅದು ಮೋಸದ ಗುರುತಲ್ಲ. ಅದೊಂದು ನಕಲು ಎಂಬುದರ ಗುರುತು.

ಜಗಳಕ್ಕೆ ಕಾರಣವಾಗುವುದು ಎರಡನೆಯ ದಿನಾಂಕ. ಎಕ್ಸೆಲ್ ಹಾಳೆಯಲ್ಲಿ ಬಡ್ಡಿ ಅಥವಾ ಬಾಕಿಯ ದಿನಗಳನ್ನು ಎಣಿಸಲು ಆ ದಿನದ ತಾರೀಖನ್ನು ತಾನಾಗಿ ತಂದುಕೊಳ್ಳುವ ಸೂತ್ರವನ್ನು ಬಳಸಿದ್ದರೆ, ಕಡತ ತೆರೆದೊಡನೆ ಲೆಕ್ಕ ಹೊಸದಾಗಿ ನಡೆಯುತ್ತದೆ. ಮುಚ್ಚುವಾಗ ಬದಲಾವಣೆಗಳನ್ನು ಉಳಿಸಬೇಕೆ ಎಂದು ಯಂತ್ರ ಕೇಳುತ್ತದೆ. ಅಭ್ಯಾಸಬಲದಿಂದ 'ಹೌದು' ಎಂದು ಒತ್ತಿದರೆ ಮಾರ್ಪಾಟಿನ ದಿನಾಂಕ ಹೊಸದಾಯಿತು. ಹಳೆಯ ಎಕ್ಸೆಲ್ಲಿನಲ್ಲಿ ಮಾಡಿದ ಕಡತವನ್ನು ಹೊಸ ಆವೃತ್ತಿಯಲ್ಲಿ ತೆರೆದಾಗಲೂ ಮರುಲೆಕ್ಕ ನಡೆದು ಅದೇ ಪ್ರಶ್ನೆ ಬರುತ್ತದೆ. ಒನ್‌ಡ್ರೈವ್‌ನಲ್ಲಿ ಇಟ್ಟ ಕಡತಗಳಿಗೆ ತಾನಾಗಿ ಉಳಿಸುವ ಸೌಲಭ್ಯ ಚಾಲ್ತಿಯಲ್ಲಿದ್ದರೆ ಪ್ರಶ್ನೆಯೇ ಬರುವುದಿಲ್ಲ; ಕೈತಪ್ಪಿ ಒತ್ತಿದ ಒಂದು ಅಕ್ಷರವೂ ಕೇಳದೆಯೇ ಉಳಿದುಬಿಡುತ್ತದೆ. ಕೆಲವು ಸಣ್ಣ ಸಂಸ್ಥೆಗಳು ಇನ್ನೂ ಬಳಸುವ ಆಕ್ಸೆಸ್ ದತ್ತಸಂಚಯದ ಕಡತವಂತೂ ತೆರೆದ ಮಾತ್ರಕ್ಕೇ ಹೊಸ ದಿನಾಂಕವನ್ನು ಪಡೆಯಬಲ್ಲುದು.

ಇದಕ್ಕಿಂತ ಅಪಾಯಕಾರಿಯಾದುದು ವರ್ಡ್ ಪತ್ರಗಳಲ್ಲಿ ತಾನಾಗಿ ಬದಲಾಗುವಂತೆ ಹಾಕಿದ ತಾರೀಖು. ಪತ್ರ ಬರೆಯುವಾಗ ಅನುಕೂಲವೆನಿಸುವ ಈ ಸೌಲಭ್ಯ, ಆರು ತಿಂಗಳ ಮೇಲೆ ಅದೇ ಪತ್ರವನ್ನು ತೆರೆದಾಗ ಇಲ್ಲವೇ ಮುದ್ರಿಸುವಾಗ ಆ ದಿನದ ತಾರೀಖನ್ನೇ ಹಾಕಿಬಿಡುತ್ತದೆ. ಮೊದಲ ತಾರೀಖು ಆ ಪುಟದಿಂದ ಮರೆಯಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಪತ್ರದ ತಾರೀಖು 28 ಆದದ್ದು ಹೀಗೆಯೇ. ದರಪತ್ರ, ಒಪ್ಪಂದ, ನೋಟೀಸು ಇವುಗಳಲ್ಲಿ ತಾರೀಖನ್ನು ಕೈಯಾರೆ ಬೆರಳಚ್ಚು ಮಾಡುವುದೇ ಕ್ಷೇಮ.

ಇನ್ನುಳಿದುದು ಗಡಿಯಾರದ ವಿಷಯ. ಕಂಪ್ಯೂಟರಿನ ಒಳಗೆ ನಾಣ್ಯದ ಗಾತ್ರದ ಒಂದು ಬ್ಯಾಟರಿ ಇರುತ್ತದೆ. ವಿದ್ಯುತ್ ಇಲ್ಲದಾಗ ವೇಳೆಯನ್ನು ಕಾಪಾಡುವುದು ಅದೇ. ಹತ್ತಿಯ ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಬೀಗ ಬೀಳುವ ಜಿನ್ನಿಂಗ್ ಕಾರ್ಖಾನೆಯಲ್ಲಿ ಆ ಬ್ಯಾಟರಿ ಬರಿದಾದರೆ, ಹೊಸ ಹಂಗಾಮಿನ ಮೊದಲ ದಿನ ಯಂತ್ರವು ಎಷ್ಟೋ ವರ್ಷ ಹಿಂದಿನ ತಾರೀಖನ್ನು ತೋರಿಸುತ್ತ ಏಳುತ್ತದೆ. ಅಂತರ್ಜಾಲ ಸಂಪರ್ಕವಿಲ್ಲದಿದ್ದರೆ ಅಂದು ಸೇವ್ ಮಾಡಿದ ಕಡತಗಳೆಲ್ಲವೂ ಆ ಸುಳ್ಳು ತಾರೀಖನ್ನೇ ಹೊರುತ್ತವೆ.

ಕಾಲವಲಯದ ತಪ್ಪು ಇನ್ನೂ ಸೂಕ್ಷ್ಮ. ಇಂದಿನ ವಿಂಡೋಸ್ ಡಿಸ್ಕುಗಳು ವೇಳೆಯನ್ನು ಅಂತರರಾಷ್ಟ್ರೀಯ ಕಾಲಮಾನದಲ್ಲಿ ಬರೆದಿಡುತ್ತವೆ. ತೋರಿಸುವಾಗ ಭಾರತಕ್ಕೆ 5:30 ಗಂಟೆ ಸೇರಿಸುತ್ತವೆ. ವಿಂಡೋಸ್ ಹಾಕಿದವರು ಕಾಲವಲಯವನ್ನು ಅಮೆರಿಕದ ಪಶ್ಚಿಮ ಕರಾವಳಿಯದೆಂದೇ ಬಿಟ್ಟು, ಗಡಿಯಾರದ ಮುಳ್ಳನ್ನು ಮಾತ್ರ ಇಲ್ಲಿನ ವೇಳೆಗೆ ತಿರುಗಿಸಿದ್ದರೆ, ಆ ಯಂತ್ರದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಮಾರ್ಚ್ 31ರ ಮಧ್ಯಾಹ್ನ 2 ಗಂಟೆಗೆ ಅಲ್ಲಿ ಸೇವ್ ಮಾಡಿದ ಕಡತವನ್ನು ಲೆಕ್ಕಪರಿಶೋಧಕರ ಸರಿಯಾದ ಯಂತ್ರದಿಂದ ನೋಡಿದಾಗ ಅದು ಏಪ್ರಿಲ್ 1ರ ಬೆಳಗಿನ ಜಾವ 2:30 ಎಂದು ಕಾಣಿಸುತ್ತದೆ. ಯಾರೂ ಏನನ್ನೂ ತಿದ್ದದೆ ಹಣಕಾಸು ವರ್ಷವೇ ಬದಲಾದಂತೆ ತೋರುತ್ತದೆ.

ಪರೀಕ್ಷಿಸುವ ಕ್ರಮ

ಸಂಶಯ ಬಂದಾಗ ಮೊದಲು ಮಾಡಬೇಕಾದುದು ಮೂಲ ಕಡತವನ್ನು ಮತ್ತೆ ಮತ್ತೆ ತೆರೆಯುವುದನ್ನು ನಿಲ್ಲಿಸುವುದು. ಅದರ ಮೂರೂ ದಿನಾಂಕಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಒಂದು ನಕಲಿನ ಮೇಲೆ ಪರೀಕ್ಷೆ ನಡೆಸಬೇಕು. ನಕಲನ್ನು ತೆರೆದು, ಏನನ್ನೂ ಮುಟ್ಟದೆ, ಪ್ರಶ್ನೆ ಬಂದರೆ 'ಬೇಡ' ಎಂದು ಒತ್ತಿ ಮುಚ್ಚಿ, ಮಾರ್ಪಾಟಿನ ದಿನಾಂಕವನ್ನು ನೋಡಬೇಕು. ಅದು ಬದಲಾಗದಿದ್ದರೆ ದೋಷ ಉಳಿಸುವ ಅಭ್ಯಾಸದಲ್ಲಿದೆ. ಬದಲಾದರೆ ತಂತ್ರಾಂಶವೇ ಬರೆಯುತ್ತಿದೆ ಎಂದರ್ಥ. ಆಗ ಕಡತಕ್ಕೆ 'ಓದಲು ಮಾತ್ರ' ಎಂಬ ಗುಣವನ್ನು ಕೊಟ್ಟು ಮತ್ತೊಮ್ಮೆ ನೋಡಬಹುದು. ಯಂತ್ರದ ವೇಳೆ, ಕಾಲವಲಯ ಎರಡನ್ನೂ ಅಂದೇ ಪರಿಶೀಲಿಸಬೇಕು.

ವರ್ಡ್ ಮತ್ತು ಎಕ್ಸೆಲ್ ಕಡತಗಳು ತಮ್ಮ ಒಳಗೂ ಒಂದು ದಾಖಲೆಯನ್ನು ಇಟ್ಟುಕೊಂಡಿರುತ್ತವೆ: ಕಡೆಯ ಬಾರಿ ಉಳಿಸಿದವರ ಹೆಸರು ಮತ್ತು ಉಳಿಸಿದ ವೇಳೆ. ಫೈಲ್ ಪಟ್ಟಿಯ ಮಾಹಿತಿ ಪುಟದಲ್ಲಿ ಇದು ಕಾಣುತ್ತದೆ. ಕಡತವನ್ನು ಎಲ್ಲಿಗೆ ಒಯ್ದರೂ ಜೊತೆಗೇ ಹೋಗುತ್ತದೆ. ಹೊರಗಿನ ದಿನಾಂಕ ಬದಲಾಗಿದ್ದು ಒಳಗಿನದು ಹಳೆಯದಾಗಿಯೇ ಉಳಿದಿದ್ದರೆ, ವರ್ಡ್ ಅಥವಾ ಎಕ್ಸೆಲ್ ಮೂಲಕ ಅದನ್ನು ಮತ್ತೆ ಉಳಿಸಿಲ್ಲವೆಂದು ತಿಳಿಯಬಹುದು. ಈ ಎರಡು ನಿಮಿಷದ ಪರೀಕ್ಷೆ ಎಷ್ಟೋ ಮನಸ್ತಾಪಗಳನ್ನು ತಪ್ಪಿಸಬಲ್ಲುದು.

ಆದರೆ ಈ ಪರೀಕ್ಷೆಗೂ ಮಿತಿಯುಂಟು. ಒಳಗಿನ ವೇಳೆಯೂ ಅದೇ ಯಂತ್ರದ ಗಡಿಯಾರದಿಂದ ಬಂದುದೇ. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಕಡತವನ್ನು ಉಳಿಸಲು ಯಾವ ವಿದ್ಯೆಯೂ ಬೇಕಿಲ್ಲ. ಪ್ರಾಮಾಣಿಕರ ಕೈಯಲ್ಲಿ ತಾನಾಗಿ ಬದಲಾಗುವ, ಅಪ್ರಾಮಾಣಿಕರ ಕೈಯಲ್ಲಿ ಬೇಕಾದಂತೆ ಬದಲಾಗುವ ದಿನಾಂಕವನ್ನು ಗುಮಾಸ್ತರ ವಿರುದ್ಧವಾಗಲಿ, ಎದುರು ಪಕ್ಷದ ವಿರುದ್ಧವಾಗಲಿ ಸಾಕ್ಷಿಯಾಗಿ ಹಿಡಿಯುವುದು ನ್ಯಾಯವಲ್ಲ.

ಕಾನೂನು ಕೇಳುವುದೇನು

ಕಾನೂನು ಈ ಮಾತನ್ನು ಬಹಳ ಮೊದಲೇ ಅರಿತಿದೆ. ಸರಕು ಮತ್ತು ಸೇವಾ ತೆರಿಗೆಯ ನಿಯಮ 56ರ ಪ್ರಕಾರ ನೋಂದಾಯಿತ ವರ್ತಕರು ಲೆಕ್ಕದ ನಮೂದನ್ನು ಅಳಿಸುವಂತಿಲ್ಲ, ಅದರ ಮೇಲೆಯೇ ಬರೆಯುವಂತಿಲ್ಲ. ಲೆಕ್ಕವು ಕಂಪ್ಯೂಟರಿನಲ್ಲಿದ್ದರೆ ತಿದ್ದಿದ ಅಥವಾ ತೆಗೆದ ಪ್ರತಿಯೊಂದು ನಮೂದಿನ ದಾಖಲೆ ಉಳಿದಿರಬೇಕು. ಈ ಲೆಕ್ಕಗಳನ್ನು ವಾರ್ಷಿಕ ವಿವರಣ ಪತ್ರ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಇನ್ನೂ ಕಟ್ಟುನಿಟ್ಟು: ಪ್ರತಿ ತಿದ್ದುಪಡಿಯ ದಿನಾಂಕವನ್ನು ದಾಖಲಿಸುವ, ಆ ದಾಖಲೆಯನ್ನು ನಿಲ್ಲಿಸಲಾಗದ ಲೆಕ್ಕದ ತಂತ್ರಾಂಶವನ್ನೇ ಬಳಸಬೇಕು. ಒಡೆತನದ ಅಂಗಡಿಗೂ ಪಾಲುದಾರಿಕೆಯ ಸಂಸ್ಥೆಗೂ ಕಂಪನಿ ನಿಯಮ ಅನ್ವಯಿಸದು, ನಿಜ. ಆದರೆ ತೆರಿಗೆಯ ನಿಯಮ ಅನ್ವಯಿಸುತ್ತದೆ. ಮುಖ್ಯ ಲೆಕ್ಕವನ್ನು ಎಕ್ಸೆಲ್ ಹಾಳೆಯೊಂದರಲ್ಲೇ ಇಟ್ಟುಕೊಂಡವರು ಆ ನಿಯಮವನ್ನು ಪಾಲಿಸುವುದು ಸುಲಭವಲ್ಲ.

ನ್ಯಾಯಾಲಯದಲ್ಲಿಯೂ ಕಡತವನ್ನು ಮುದ್ರಿಸಿ ಮುಂದಿಟ್ಟರೆ ಸಾಲದು. 2014 ಮತ್ತು 2020ರ ತೀರ್ಪುಗಳಲ್ಲಿ ಸುಪ್ರೀಂ ಕೋರ್ಟು ವಿದ್ಯುನ್ಮಾನ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಬೇಕೆಂದು ಸ್ಪಷ್ಟಪಡಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಪಡೆದ ಒಂದು ಗುರುತು. ಒಂದು ಅಲ್ಪವಿರಾಮ ಬದಲಾದರೂ ಅದು ಬದಲಾಗುತ್ತದೆ. ಹೊರಗಿನ ದಿನಾಂಕ ಮಾತ್ರ ಬದಲಾದರೆ ಅದು ಬದಲಾಗುವುದಿಲ್ಲ. ವರ್ತಕರಿಗೆ ಬೇಕಾದ ಗುರುತು ಇದೇ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಸಾಧನ ಇದನ್ನು ಬಿಟ್ಟಿಯಾಗಿಯೇ ಲೆಕ್ಕ ಹಾಕಿಕೊಡುತ್ತದೆ.

ಸಣ್ಣ ಉದ್ದಿಮೆದಾರರಿಗೆ ದಿನಾಂಕದ ಪ್ರಶ್ನೆ ನೇರವಾಗಿ ಹಣದ ಪ್ರಶ್ನೆಯೂ ಹೌದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಮಾಲು ಪಡೆದವರು ಒಪ್ಪಂದವಿದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಮಾಲನ್ನು ಸ್ವೀಕರಿಸಿದ ದಿನವನ್ನು ರುಜುವಾತುಪಡಿಸಲಾಗದಿದ್ದರೆ ಈ ರಕ್ಷಣೆಯನ್ನು ಪಡೆಯುವುದು ಕಷ್ಟ.

ಮಾಡಬೇಕಾದುದು

ಹಾಗಾದರೆ ದಿನಾಂಕವನ್ನು ಎಲ್ಲಿ ಇಡಬೇಕು? ತನ್ನ ಯಂತ್ರದ ಹೊರಗೆ ಎಂಬುದೇ ನೇರವಾದ ಉತ್ತರ. ದರಪತ್ರವನ್ನು ಪಿಡಿಎಫ್ ಮಾಡಿ ಅಂದೇ ಇ-ಮೇಲ್ ಮೂಲಕ ಕಳುಹಿಸಿದರೆ, ಅದರ ದಿನಾಂಕ ಎರಡೂ ಪಕ್ಷಗಳ ಬಳಿಯೂ ಉಳಿಯುತ್ತದೆ. ಕರ್ನಾಟಕದಲ್ಲಿ 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ವೇ ಬಿಲ್ಲು, 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿಗೆ ಕಡ್ಡಾಯವಾದ ಇ-ಇನ್‌ವಾಯ್ಸ್ ಇವು ಸರ್ಕಾರಿ ಸರ್ವರಿನ ವೇಳೆಯನ್ನು ಹೊತ್ತಿರುತ್ತವೆ. ಇವುಗಳನ್ನು ಬರಿಯ ತೆರಿಗೆಯ ತೊಡಕು ಎಂದು ಬೈಯುವ ಬದಲು, ಬಿಟ್ಟಿ ದೊರೆತ ಸಾಕ್ಷಿ ಎಂದು ಕಾಯ್ದಿಡುವುದು ಜಾಣತನ. ಮಾಲು ಮುಟ್ಟಿದಾಗ ಖರೀದಿದಾರರ ಸಹಿ ಮತ್ತು ತಾರೀಖನ್ನು ಕಾಗದದ ಮೇಲೆ ಪಡೆಯುವ ಹಳೆಯ ಪದ್ಧತಿಯನ್ನೂ ಬಿಡಬಾರದು.

ಇಷ್ಟೆಲ್ಲ ಸಣ್ಣ ಅಂಗಡಿಗೆ ಭಾರವಲ್ಲವೇ, ಕೈಬರಹದ ಕೀರ್ದಿಯೇ ಮೇಲಲ್ಲವೇ ಎಂದು ಹಿರಿಯ ವರ್ತಕರು ಕೇಳಬಹುದು. ಆ ಮಾತಿನಲ್ಲಿ ಹುರುಳಿದೆ. ಹೊಲಿದ ಪುಸ್ತಕ, ಪುಟಕ್ಕೆ ಸಂಖ್ಯೆ, ತಪ್ಪಿದ ಸಾಲಿನ ಮೇಲೆ ಒಂದು ಗೆರೆ ಮತ್ತು ಸಹಿ: ಈ ಶಿಸ್ತಿನಿಂದಲೇ ಕೀರ್ದಿಗೆ ಮರ್ಯಾದೆ ಬಂದಿತ್ತು. ಕಂಪ್ಯೂಟರ್ ಬಂದಾಗ ಪುಸ್ತಕದ ಜೊತೆಗೆ ಆ ಶಿಸ್ತನ್ನೂ ಅಟ್ಟಕ್ಕೆ ಹಾಕಿದ್ದು ತಪ್ಪಾಯಿತು. ನಿಯಮ 56 ಕೇಳುತ್ತಿರುವುದು ಕೀರ್ದಿಯ ಆ ಹಳೆಯ ಧರ್ಮವನ್ನೇ ಹೊರತು ಬೇರೇನನ್ನೂ ಅಲ್ಲ. ಅದನ್ನು ಪಾಲಿಸಲು ಬೇಕಾದುದು ತಿದ್ದುಪಡಿಯ ದಾಖಲೆ ಇಡುವ ಲೆಕ್ಕದ ತಂತ್ರಾಂಶ, ಕಡಿಮೆ ಬೆಲೆಯ ಒಂದು ಬ್ಯಾಟರಿ, ಸರಿಯಾದ ಕಾಲವಲಯ ಮತ್ತು ಮುಗಿದ ಪತ್ರವನ್ನು ಮತ್ತೆ ಮುಟ್ಟದ ನಿಯಮ.

ಇದರಲ್ಲಿ ವಾಣಿಜ್ಯ ಸಂಘಗಳ ಪಾಲೂ ಇದೆ. ರಾಯಚೂರು, ದೇವದುರ್ಗ, ಮಾನ್ವಿ ಈ ಮೂರು ಕಡೆಗಳಲ್ಲಿ ಹಣಕಾಸು ವರ್ಷ ಮುಗಿಯುವ ಮೊದಲು ಅರ್ಧ ದಿನದ ಶಿಬಿರವನ್ನು ಮಾಲೀಕರಿಗಾಗಿ ಮಾತ್ರವಲ್ಲದೆ ಗುಮಾಸ್ತರಿಗಾಗಿಯೂ ಏರ್ಪಡಿಸಿದರೆ ಖರ್ಚು ಅಲ್ಪ, ಪ್ರಯೋಜನ ಅಧಿಕ. ತಕರಾರುಗಳನ್ನು ತೀರಿಸಲು ಕೂರುವ ಹಿರಿಯರೂ ಕಡತದ ದಿನಾಂಕವೊಂದನ್ನೇ ನೆಚ್ಚಿ ತೀರ್ಮಾನ ಕೊಡುವುದಿಲ್ಲವೆಂಬ ನಿಲುವನ್ನು ತಳೆಯುವುದು ಒಳ್ಳೆಯದು. ಬಿಲ್ಲಿನ ಬಾಕಿಯನ್ನು ಬಡ್ಡಿ ಸಹಿತ ವಸೂಲು ಮಾಡಬಹುದು. ಮಾಡದ ತಪ್ಪಿಗೆ ಕಳಂಕ ಹೊತ್ತು ಹೊರನಡೆದ ನಂಬಿಕಸ್ಥ ಗುಮಾಸ್ತರನ್ನು ಮರಳಿ ಪಡೆಯುವುದು ಅಷ್ಟು ಸುಲಭವಲ್ಲ.