ಮಂಡಿನೋವಿಗೆ ದೂರದಿಂದ ಕಲಿಸುವ ವ್ಯಾಯಾಮ: ಸಂಘ ಮಾಡಬೇಕಾದ ಕೆಲಸ



ಸಂಘದ ಕಚೇರಿಗೆ ಬರುವ ಸದಸ್ಯರ ಮಾತು ಸಾಮಾನ್ಯವಾಗಿ ಧಾರಣೆ, ಕೊಳೆರೋಗ, ಆಳಿನ ಅಭಾವ ಈ ಮೂರರ ಸುತ್ತಲೇ ಇರುತ್ತದೆ. ಇತ್ತೀಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ. ಅದು ಮಂಡಿನೋವು. ಧರೆ ಇಳಿಯಲಾರೆ, ಗಿಡದ ಬುಡದಲ್ಲಿ ಕೂತರೆ ಏಳಲಾರೆ ಎನ್ನುವವರು ಐವತ್ತು ದಾಟಿದವರಲ್ಲಿ ಹಲವರಿದ್ದಾರೆ. ಮಕ್ಕಳು ಬೆಂಗಳೂರು ಸೇರಿದ ಮನೆಗಳಲ್ಲಿ ಯಜಮಾನನ ಕಾಲು ನಿಂತರೆ ತೋಟವೂ ನಿಂತಂತೆಯೇ. ಎರಡು ಮೂರು ಎಕರೆಯವನಿಗೆ ಮೇಸ್ತ್ರಿಯನ್ನಿಟ್ಟು ಕೆಲಸ ಮಾಡಿಸುವ ಶಕ್ತಿಯಿಲ್ಲ. ಕೊನೆಗೆ ತೋಟವನ್ನು ಗುತ್ತಿಗೆಗೆ ಕೊಡುವ, ಇಲ್ಲವೇ ಮಾರುವ ಮಾತು ಬರುತ್ತದೆ. ಆದುದರಿಂದ ಇದು ವೈದ್ಯರಿಗೆ ಮಾತ್ರ ಸೇರಿದ ವಿಷಯವಲ್ಲ, ಸಹಕಾರ ಸಂಘಕ್ಕೂ ಸೇರಿದ್ದೆಂದು ನಾವು ಭಾವಿಸುತ್ತೇವೆ.

ವಯಸ್ಸಾದವರ ಮಂಡಿನೋವಿಗೆ ಬಹುಮಟ್ಟಿಗೆ ಕಾರಣವಾಗುವುದು ಆಸ್ಟಿಯೋಆರ್ಥ್ರೈಟಿಸ್. ಆಡುಮಾತಿನಲ್ಲಿ ನಾವು 'ಮಂಡಿ ಸವೆದಿದೆ' ಎನ್ನುತ್ತೇವೆ. ಈ ಮಾತೇ ದಾರಿ ತಪ್ಪಿಸುತ್ತದೆ. ಸವೆದ ಯಂತ್ರವನ್ನು ಓಡಿಸಬಾರದೆಂಬ ಲೆಕ್ಕದಲ್ಲಿ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿಬಿಡುತ್ತೇವೆ. ಆದರೆ ಮಂಡಿಯ ಭಾರವನ್ನು ಹೊರುವುದರಲ್ಲಿ ತೊಡೆಯ ಸ್ನಾಯುಗಳ ಪಾಲು ದೊಡ್ಡದು. ಕೂತಷ್ಟೂ ಅವು ಸೊರಗುತ್ತವೆ. ಅವು ಸೊರಗಿದಷ್ಟೂ ಏಳುವುದು, ನಡೆಯುವುದು ಕಷ್ಟವಾಗುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ಅನುಭವಿಸುವ ನೋವಿಗೂ ಯಾವಾಗಲೂ ತಾಳೆಯಾಗುವುದಿಲ್ಲ. ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಈ ತೊಂದರೆ ಇರುವ ಎಲ್ಲರಿಗೂ ಅವರವರಿಗೆ ಹೊಂದುವ ವ್ಯಾಯಾಮವನ್ನು ಕಲಿಸಬೇಕೆಂದು ಹೇಳುತ್ತದೆ.

"ದಿನವಿಡೀ ತೋಟ ಹತ್ತಿ ಇಳಿಯುವ ನಮಗೆ ಬೇರೆ ವ್ಯಾಯಾಮ ಏಕೆ?" ಎಂಬ ಪ್ರಶ್ನೆ ಬರುವುದು ಸಹಜ. ದುಡಿಮೆ ಬೇರೆ, ವ್ಯಾಯಾಮ ಬೇರೆ. ಗೊಬ್ಬರದ ಬುಟ್ಟಿ ಹೊತ್ತು ಧರೆ ಇಳಿಯುವಾಗ ಭಾರ ಎಷ್ಟಿರಬೇಕೆಂದು ನಿರ್ಧರಿಸುವುದು ಕೆಲಸವೇ ಹೊರತು ನಮ್ಮ ಮಂಡಿಯಲ್ಲ. ವ್ಯಾಯಾಮದಲ್ಲಿ ಹಾಗಲ್ಲ. ಕುರ್ಚಿಯಿಂದ ಕೈಯೂರದೆ ಏಳುವುದು, ಕೂತಲ್ಲಿಯೇ ಕಾಲನ್ನು ನೀಟಾಗಿ ಎತ್ತಿ ಹಿಡಿಯುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು, ಇಂಥವನ್ನು ಅವರವರ ತಾಳಿಕೆಗೆ ತಕ್ಕಂತೆ ಆರಂಭಿಸಿ ವಾರದಿಂದ ವಾರಕ್ಕೆ ಏರಿಸುತ್ತಾರೆ. ಆ ಅಳತೆಯನ್ನು ಹೇಳಿಕೊಡಲು ಫಿಸಿಯೋಥೆರಪಿಸ್ಟ್ ಬೇಕು.

ನಮ್ಮ ಕಷ್ಟ ಇರುವುದು ಅಲ್ಲಿಯೇ. ಅವರು ಇರುವುದು ಪೇಟೆಯಲ್ಲಿ. ಮಂಡಿ ನೋಯುವವನು ಬಸ್ಸು ಹತ್ತಿ ಇಳಿದು, ಒಂದು ದಿನದ ಕೆಲಸ ಬಿಟ್ಟು, ಐದಾರು ಸಲ ಹೋಗಿಬರಬೇಕು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಒಮ್ಮೆ ಹೋದವರು ಎರಡನೆಯ ಸಲ ಹೋಗುವುದಿಲ್ಲ; ಮಾತ್ರೆ ಅಂಗಡಿಯೇ ಹತ್ತಿರವಾಗುತ್ತದೆ. ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಅಪಾಯವುಂಟು.

ದೂರದ ಊರುಗಳಿರುವ ಆಸ್ಟ್ರೇಲಿಯಾದಲ್ಲಿ ಇದಕ್ಕೊಂದು ದಾರಿಯನ್ನು ಪರೀಕ್ಷಿಸಿ ನೋಡಿದ್ದಾರೆ. ಮೆಲ್ಬರ್ನ್ ವಿಶ್ವವಿದ್ಯಾಲಯದ ರಾನಾ ಹಿನ್‌ಮನ್, ಕಿಮ್ ಬೆನೆಲ್ ಮತ್ತು ಸಂಗಡಿಗರ ಈ ಅಧ್ಯಯನ 2024ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದೀರ್ಘಕಾಲದ ಮಂಡಿನೋವಿದ್ದ, 45 ವರ್ಷ ಮೀರಿದ 394 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಫಿಸಿಯೋಥೆರಪಿಸ್ಟ್ ಬಳಿಗೆ ಹೋಯಿತು. ಇನ್ನೊಂದು ವಿಡಿಯೋ ಕರೆಯಲ್ಲಿ ಅವರನ್ನು ಕಂಡಿತು. ಇಬ್ಬರಿಗೂ ಮೂರು ತಿಂಗಳಲ್ಲಿ ಐದು ಭೇಟಿ. ಹತ್ತು ಅಂಕದ ಮಾಪನದಲ್ಲಿ ನೋವು ಮೊದಲ ಗುಂಪಿನಲ್ಲಿ ಸರಾಸರಿ 2.98, ಎರಡನೆಯದರಲ್ಲಿ 3.14 ಅಂಕ ಇಳಿಯಿತು. ಅಂದರೆ ಪರದೆಯ ಮೂಲಕ ಕಲಿತವರಿಗೆ ಎದುರು ಕೂತು ಕಲಿತವರಿಗಿಂತ ಏನೂ ಕಡಿಮೆಯಾಗಲಿಲ್ಲ.

ಇದನ್ನು ಸಂಜೀವಿನಿಯೆಂದು ಹೊಗಳಲು ನಾವು ಸಿದ್ಧರಿಲ್ಲ. ಅಲ್ಲಿ ಚಿಕಿತ್ಸೆಯೇ ಇಲ್ಲದ ಮೂರನೆಯ ಗುಂಪು ಇರಲಿಲ್ಲ. ವ್ಯಾಯಾಮದಿಂದ ಸಿಗುವ ಪ್ರಯೋಜನ ಸಾಧಾರಣ ಮಟ್ಟದ್ದೆಂದು ಬೇರೆ ಪರಿಶೀಲನೆಗಳು ಹೇಳುತ್ತವೆ. ಬಿಟ್ಟರೆ ಆ ಪ್ರಯೋಜನವೂ ಕರಗುತ್ತದೆ. ಬೋರ್ಡೋ ದ್ರಾವಣವನ್ನು ಒಮ್ಮೆ ಹೊಡೆದು ಮಳೆಗಾಲವಿಡೀ ನಿಶ್ಚಿಂತೆಯಿಂದಿರುವ ಅಡಿಕೆ ಬೆಳೆಗಾರ ನಮ್ಮಲ್ಲಿಲ್ಲ, ಇದೂ ಹಾಗೆಯೇ. ಆದರೆ ಧರೆ ಇಳಿಯಲಾರದವನು ಇಳಿಯುವಂತಾದರೆ ಒಂದು ಕೊಯ್ಲು ಉಳಿಯುತ್ತದೆ. ಸಣ್ಣ ಬೆಳೆಗಾರನಿಗೆ ಅದು ಸಣ್ಣ ಮಾತಲ್ಲ.

ವರ್ಷಕ್ಕೊಂದು ತಪಾಸಣಾ ಶಿಬಿರ ನಡೆಸಿದರೆ ಸಾಲದೇ ಎನ್ನುವ ಸದಸ್ಯರಿದ್ದಾರೆ. ಶಿಬಿರದಲ್ಲಿ ರೋಗ ಗೊತ್ತಾಗುತ್ತದೆ, ಮಾತ್ರೆ ಸಿಗುತ್ತದೆ, ಮರುವಾರ ಕೇಳುವವರಿಲ್ಲ. ಅದೇ ಹಣದಲ್ಲಿ ಸಂಘವು ಮೂರು ಕೆಲಸ ಮಾಡಬಹುದು. ಮೊದಲನೆಯದು, ನೋವಿರುವವರನ್ನು ಒಮ್ಮೆ ವೈದ್ಯರಿಂದಲೂ ಫಿಸಿಯೋಥೆರಪಿಸ್ಟರಿಂದಲೂ ಎದುರಿಗೇ ಪರೀಕ್ಷೆ ಮಾಡಿಸುವುದು. ಎರಡನೆಯದು, ಮನೆಯಲ್ಲಿ ನೆಟ್‌ವರ್ಕ್ ಸಿಗದವರಿಗಾಗಿ ಕಚೇರಿಯ ಒಂದು ಕೋಣೆಯನ್ನು ವಾರಕ್ಕೊಂದು ಮಧ್ಯಾಹ್ನ ಬಿಟ್ಟುಕೊಟ್ಟು, ಪರದೆ ಮತ್ತು ಬ್ರಾಡ್‌ಬ್ಯಾಂಡ್ ಒದಗಿಸಿ, ಕ್ಯಾಮೆರಾ ಸರಿಹೊಂದಿಸಲು ಒಬ್ಬ ಸಿಬ್ಬಂದಿಯನ್ನು ನಿಲ್ಲಿಸುವುದು. ಮೂರನೆಯದು, ಹಾಳೆಯಲ್ಲಿ ಕನ್ನಡದಲ್ಲಿ ಚಿತ್ರಸಹಿತ ಸೂಚನೆ ಮುದ್ರಿಸಿ ಕೊಡುವುದು. ಈ ಸೌಲಭ್ಯ ಅಡಿಕೆ ಸುಲಿಯುವ, ಕಾಫಿ ಕೊಯ್ಯುವ ಹೆಂಗಸರಿಗೂ ಸಲ್ಲಬೇಕೆಂಬುದು ನಮ್ಮ ಆಗ್ರಹ. ನೆಲದ ಮೇಲೆ ಕೂತು ಮಂಡಿ ಸವೆಸಿದವರಲ್ಲಿ ಅವರೂ ಇದ್ದಾರೆ. ಷೇರು ಇಲ್ಲವೆಂಬ ಕಾರಣಕ್ಕೆ ಅವರನ್ನು ಹೊರಗಿಡುವುದು ಸಹಕಾರವಲ್ಲ.

ಒಂದು ಎಚ್ಚರಿಕೆ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿ ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಮೀನಖಂಡ ಏಕಾಏಕಿ ಊದಿ ನೋಯುತ್ತಿದ್ದರೆ ಪರದೆಯ ಮುಂದೆ ಕೂರಬಾರದು. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮುಂದಿನ ಮಹಾಸಭೆಯಲ್ಲಿ ಕಲ್ಯಾಣ ನಿಧಿಯ ವಿಷಯ ಚರ್ಚೆಗೆ ಬರುವಾಗ ಈ ಠರಾವನ್ನು ಮಂಡಿಸಬೇಕೆಂದಿದ್ದೇವೆ. ಒಂದು ವರ್ಷ ನಡೆಸಿ ನೋಡೋಣ. ಎಷ್ಟು ಮಂದಿ ಐದು ಭೇಟಿಗಳನ್ನೂ ಪೂರೈಸಿದರು, ಎಷ್ಟು ಮಂದಿ ತೋಟಕ್ಕೆ ಮರಳಿದರು ಎಂಬ ಲೆಕ್ಕವನ್ನು ಅದರ ಮುಂದಿನ ಮಹಾಸಭೆಗೆ ಒಪ್ಪಿಸೋಣ. ಉಪಯೋಗವಿಲ್ಲವೆಂದು ಕಂಡರೆ ನಿಲ್ಲಿಸುವ ಅಧಿಕಾರ ಸದಸ್ಯರದೇ. ಅಲ್ಲಿಯವರೆಗೆ, ನೋವಿರುವ ಸದಸ್ಯರು ಕಚೇರಿಯಲ್ಲಿ ಹೆಸರು ಬರೆಸಬೇಕೆಂದು ಕೋರುತ್ತೇವೆ.

– ಕಾರ್ಯದರ್ಶಿ