ದನಿಗೂ ಬೇಕು ಓಲೆಗರಿ

ಹನ್ನೆರಡನೆಯ ಶತಮಾನದ ಶರಣರು ತಮ್ಮ ಅನುಭಾವವನ್ನು ಲೋಕಕ್ಕೆ ನೀಡಿದ ರೀತಿಗೆ ‘ವಚನ’ವೆಂಬ ಹೆಸರು ಸಂದಿತು. ವಚನವೆಂದರೆ ಆಡಿದ ಮಾತು. ಆ ಮಾತು ಓಲೆಗರಿಯನ್ನೇರಿ, ಓಲೆಗರಿಯಿಂದ ಅಚ್ಚಿನ ಪುಟಕ್ಕಿಳಿದು, ಎಂಟು ನೂರಕ್ಕೂ ಮಿಕ್ಕಿದ ವರ್ಷಗಳ ಬಳಿಕವೂ ಕನ್ನಡಿಗರ ನಾಲಗೆಯ ಮೇಲೆ ನಲಿಯುತ್ತಿದೆ. ಆದರೆ ಆ ಮಾತನ್ನಾಡಿದ ಕಂಠಗಳು ಹೇಗಿದ್ದವೆಂಬುದನ್ನು ಬಲ್ಲವರಾರು? ಅಕ್ಕಮಹಾದೇವಿಯ ದನಿಯ ಏರಿಳಿತವೆಂತಹುದು, ಅಂಬಿಗರ ಚೌಡಯ್ಯನ ನುಡಿಯ ಕಾವು ಎಷ್ಟು, ಎಲ್ಲಿ ಅವರು ತಡೆದು ನಿಂತರು, ಎಲ್ಲಿ ನಕ್ಕರು ಎಂಬುದನ್ನು ಯಾವ ತಾಳೆಗರಿಯೂ ಹೇಳಲಾರದು. ಅಂದು ದನಿಯನ್ನು ಹಿಡಿದಿಡುವ ಸಾಧನವೇ ಇರಲಿಲ್ಲ. ಇಂದು ಆ ಸಾಧನ ಮನೆಮನೆಯಲ್ಲಿ, ಪ್ರತಿಯೊಬ್ಬರ ಅಂಗೈಯಲ್ಲಿ ಇದೆ. ಸಾಧನವಿಲ್ಲದೆ ಕಳೆದುಕೊಂಡದ್ದನ್ನು ಕಾಲದ ಮಹಿಮೆ ಎನ್ನಬಹುದು. ಸಾಧನವಿದ್ದೂ ಕಳೆದುಕೊಂಡರೆ ಅದನ್ನು ಪ್ರಮಾದವೆಂದಲ್ಲದೆ ಬೇರೇನೆಂದು ಕರೆಯಬೇಕು?

ಸಹಕಾರನಗರದಂತಹ ಬಡಾವಣೆಯಲ್ಲಿ ಈ ಪ್ರಶ್ನೆ ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಬಳ್ಳಾರಿ ರಸ್ತೆಯ ಪಕ್ಕದಲ್ಲಿ, ಕೊಡಿಗೇಹಳ್ಳಿಯ ಮಗ್ಗುಲಲ್ಲಿ ಬೆಳೆದ ಈ ಬಡಾವಣೆಯಲ್ಲಿ ಎರಡು ಬಗೆಯ ಹಿರಿಯರಿದ್ದಾರೆ. ಇಲ್ಲಿ ರಾಗಿ ಬೆಳೆಯುತ್ತಿದ್ದ ಕಾಲವನ್ನೂ, ಕೆರೆಯ ನೀರು ಹರಿಯುತ್ತಿದ್ದ ಕಾಲುವೆಯ ಜಾಡನ್ನೂ ಕಂಡವರು ಒಂದು ಬಗೆ. ಧಾರವಾಡ, ಗದಗ, ವಿಜಯಪುರ, ಕಲಬುರಗಿಗಳಿಂದ ಉದ್ಯೋಗಕ್ಕಾಗಿಯೋ ಮಕ್ಕಳ ಜೊತೆಗಿರಲೆಂದೋ ಬಂದು ನೆಲೆಸಿ, ತಮ್ಮೂರಿನ ನುಡಿಯನ್ನೂ ಹಾಡನ್ನೂ ಎದೆಯಲ್ಲಿಟ್ಟುಕೊಂಡವರು ಇನ್ನೊಂದು ಬಗೆ. ಇವರಲ್ಲಿ ಒಬ್ಬೊಬ್ಬರು ಅಗಲಿದಾಗಲೂ ಒಂದೊಂದು ಗ್ರಂಥಭಂಡಾರ ಸದ್ದಿಲ್ಲದೆ ಮುಚ್ಚಿಹೋಗುತ್ತದೆ.

ಸಮೀಪದ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲೊಂದು ಈ ಮಾತಿಗೆ ನಿದರ್ಶನ. ಗಂಗರ ಶ್ರೀಪುರುಷನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕವದು. ಹೆಬ್ಬಾಳವನ್ನು ಅದು ಪೆರ್ಬೊಳಲ್ ಎಂದು ಕರೆಯುತ್ತದೆ. ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಅತಿ ಹಳೆಯದೆಂದು ವಿದ್ವಾಂಸರು ಗುರುತಿಸಿದ್ದಾರೆ. ಆತ ಅರಸನಲ್ಲ, ಕವಿಯಲ್ಲ. ಆದರೂ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಾಚೆ ಅವನ ಹೆಸರು ಉಳಿದಿರುವುದು ಅಂದಿನ ಊರವರು ಕಲ್ಲಿಗೂ ಕಲ್ಕುಟಿಗನಿಗೂ ವ್ಯಯ ಮಾಡಿದ್ದರಿಂದ. ಸಾಮಾನ್ಯನೊಬ್ಬನ ಬದುಕೂ ಸ್ಮರಣಾರ್ಹವೆಂಬ ವಿವೇಕ ಆ ಊರವರಿಗಿತ್ತು. ಆ ವಿವೇಕ ಇಂದಿನವರಿಗೆ ಇದೆಯೇ?

ಕಲ್ಲು ಹೆಸರನ್ನು ಉಳಿಸಿತು. ಯಂತ್ರ ದನಿಯನ್ನು ಉಳಿಸಬಲ್ಲುದು. ಎಡಿಸನ್ 1877ರಲ್ಲಿ ದನಿಯನ್ನು ಹಿಡಿದು ಮರಳಿ ನುಡಿಸುವ ಯಂತ್ರವನ್ನು ರೂಪಿಸಿದನು. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಅಂದವಾದ ಹೆಸರು ಆ ನಿಲಯದ್ದು. 1950ರಲ್ಲಿ ಧಾರವಾಡದಲ್ಲಿ, 1955ರಲ್ಲಿ ಬೆಂಗಳೂರಿನಲ್ಲಿ ನಿಲಯಗಳಾದವು. ಭಾಷಣ, ನಾಟಕ, ಗಾಯನಗಳ ಜೊತೆಗೆ ‘ರೂಪಕ’ವೆಂಬ ಪ್ರಕಾರವೂ ಅಲ್ಲಿ ಬೆಳೆಯಿತು. ವ್ಯಕ್ತಿಯ ಮಾತು, ಅವನನ್ನು ಬಲ್ಲವರ ಮಾತು, ಅವನ ಹಾಡು, ಅವನು ಬಾಳಿದ ಪರಿಸರದ ಸದ್ದು ಇವೆಲ್ಲವನ್ನೂ ಹೊಂದಿಸಿ ಕಿವಿಗೆ ಕಾಣಿಸುವ ಬಗೆಗೆ ಧ್ವನಿ ಸಾಕ್ಷ್ಯಚಿತ್ರವೆಂದು ಹೆಸರು. ಇಂಗ್ಲೆಂಡಿನಲ್ಲಿ 1958ರಲ್ಲಿ ಜಾನ್ ಆಕ್ಸನ್ ಎಂಬ ರೈಲು ಚಾಲಕನನ್ನು ಕುರಿತು ಇಂತಹುದೊಂದು ಕಾರ್ಯಕ್ರಮ ಬಿ.ಬಿ.ಸಿ.ಯಿಂದ ಪ್ರಸಾರವಾಯಿತು. ಹತೋಟಿ ತಪ್ಪಿದ ಗಾಡಿಯಿಂದ ಧುಮುಕದೆ ಕರ್ತವ್ಯದಲ್ಲಿಯೇ ಪ್ರಾಣ ತೆತ್ತ ಆತನ ಕಥೆಯನ್ನು ನಟರ ಬಾಯಿಂದ ಆಡಿಸದೆ, ಅವನ ಜೊತೆಗಾರರ ಒರಟು ಮಾತುಗಳಲ್ಲಿಯೇ ಕೇಳಿಸಿದುದು ಅದರ ವೈಶಿಷ್ಟ್ಯ. ದುಡಿಯುವವನ ಮಾತಿಗೆ ದುಡಿಯುವವನ ದನಿಯೇ ಸಾಕ್ಷಿ ಎಂಬ ತತ್ತ್ವವದು. ಕಾಯಕಜೀವಿಗಳ ಬಾಯಲ್ಲಿಯೇ ಕಾಯಕದ ಮಾತನ್ನು ಕೇಳಿದ ಕಲ್ಯಾಣದ ಪರಂಪರೆಗೆ ಈ ತತ್ತ್ವ ಹೊಸದೇನಲ್ಲ.

ಸಂಗೀತಗಾರರ ವಿಷಯದಲ್ಲಂತೂ ಇದರ ಅಗತ್ಯ ಇಮ್ಮಡಿಯಾಗುತ್ತದೆ. ಕಣ್ಣಿನ ಬೆಳಕಿಲ್ಲದ ಬಾಲಕನೊಬ್ಬ ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತವನ್ನು ಕಲಿತು, ಕರ್ನಾಟಕ ಹಾಗೂ ಹಿಂದುಸ್ತಾನಿ ಪದ್ಧತಿಗಳೆರಡರಲ್ಲೂ ನುರಿತು, ಪಂಚಾಕ್ಷರಿ ಗವಾಯಿಗಳೆಂದು ಪೂಜ್ಯರಾದುದು, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನದ ಜೊತೆಗೆ ಸ್ವರವನ್ನು ಉಣಬಡಿಸಿದುದು ಕನ್ನಡ ನಾಡಿನ ಅಪೂರ್ವ ಚರಿತ್ರೆ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ದಾಸೋಹವನ್ನು ನಡೆಸಿದರು. ಗುರುವಿನ ಕುರಿತು ಗ್ರಂಥಗಳಿವೆ, ಪುರಾಣಗಳಿವೆ. ಆದರೆ ನಸುಕಿನಲ್ಲಿ ಎದ್ದು ಷಡ್ಜ ಹಿಡಿದ ಬಾಲಕರ ನೆನಪು, ಸ್ವರ ತಪ್ಪಿದಾಗ ಗುರು ಗದರಿದ ರೀತಿ, ಅಡಿಗೆಮನೆಯಲ್ಲಿ ರೊಟ್ಟಿ ಬಡಿದವರ ಮಾತು, ಇವು ಪುರಾಣದಲ್ಲಿ ದೊರೆಯವು. ಅಲ್ಲಿ ಕಲಿತು ಹೊರಬಂದವರು ನಾಡಿನ ಊರೂರುಗಳಲ್ಲಿ ಸಂಗೀತದ ಮೇಷ್ಟರಾಗಿ, ಕೀರ್ತನಕಾರರಾಗಿ, ತಬಲಾ ವಾದಕರಾಗಿ ಬಾಳಿದ್ದಾರೆ. ಅವರ ನೆನಪನ್ನು ಕೇಳಿ ಬರೆದಿಟ್ಟುಕೊಂಡವರು ವಿರಳ.

ಮಲ್ಲಿಕಾರ್ಜುನ ಮನಸೂರರು (1910–1992) ‘ನನ್ನ ರಸಯಾತ್ರೆ’ಯೆಂದು ತಮ್ಮ ಬಾಳಕಥೆಯನ್ನು ಬರೆದರು. ಗ್ರಂಥ ಅಮೂಲ್ಯವೇ. ಆದರೂ ಅವರು ಹಾಡಿದ ವಚನದ ಧ್ವನಿಮುದ್ರಣವೊಂದನ್ನು ಕೇಳಿದವರಿಗೆ ದೊರೆಯುವ ಅರಿವು ಬೇರೆ. ಶಬ್ದವೊಂದನ್ನು ತಿರುತಿರುಗಿ ನುಡಿಯುತ್ತ ಅದರ ಅರ್ಥವನ್ನು ಪದರಪದರವಾಗಿ ಬಿಡಿಸುವ ಆ ಗಾಯನವೇ ಒಂದು ವ್ಯಾಖ್ಯಾನ. ಹತ್ತು ಪುಟಗಳ ಟೀಕೆಯಿಂದ ಆಗದ ಕಾರ್ಯವನ್ನು ಅದು ಹತ್ತು ನಿಮಿಷಗಳಲ್ಲಿ ಮಾಡುತ್ತದೆ. ಆ ದನಿಯನ್ನು ಯಾರೋ ಮುದ್ರಿಸಿ ಜತನವಾಗಿ ಇಟ್ಟರೆಂಬುದರಿಂದಲೇ ಇಂದಿನ ಮಕ್ಕಳಿಗೂ ಆ ಭಾಗ್ಯ ಉಳಿದಿದೆ.

‘ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಎಲ್ಲವೂ ಮುದ್ರಿತವಾಗುತ್ತಲೇ ಇದೆ, ಇದಕ್ಕೆಂದು ಪ್ರತ್ಯೇಕ ಪ್ರಯತ್ನವೇಕೆ?’ ಎಂದು ಕೇಳುವವರುಂಟು. ಮುದ್ರಿಸುವುದು ಬೇರೆ, ಉಳಿಸುವುದು ಬೇರೆ. ಯಾರ ದನಿ, ಯಾವ ಊರು, ಯಾವ ದಿನ ಎಂಬ ವಿವರವಿಲ್ಲದ ಮುದ್ರಣವು ಅಂಕಿತವಿಲ್ಲದ ವಚನದಂತೆ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಸಾರಿದಳು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹೆಸರು ಹೇಳದಿದ್ದರೆ ಅಲ್ಲಿನವರಿಗೆ ಯಾರ ಹಾಡೆಂದು ತಿಳಿಯುವಂತಿರಲಿಲ್ಲ. ಬಾಳಿನ ಸಂಜೆಯಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದ ಆಕೆಯ ಹೆಸರು ಆ ತಟ್ಟೆಗಳಲ್ಲಿ ಆಕೆಯದೇ ದನಿಯಲ್ಲಿ ಇನ್ನೂ ಕೇಳುತ್ತದೆ. ಮೊಬೈಲಿನಲ್ಲಿ ಹಿಡಿದ ಅಜ್ಜನ ಮಾತಿಗೆ ಆ ಭಾಗ್ಯವೂ ಇಲ್ಲ. ಯಂತ್ರ ಕೆಟ್ಟ ದಿನ ದನಿಯೂ ಹೋಯಿತು. ದೊಡ್ಡ ದೊಡ್ಡ ಪ್ರಸಾರ ಸಂಸ್ಥೆಗಳೇ ಹಳೆಯ ಟೇಪುಗಳನ್ನು ಅಳಿಸಿ ಮತ್ತೆ ಬಳಸಿದ ಉದಾಹರಣೆಗಳು ಲೋಕದಲ್ಲಿ ಸಾಕಷ್ಟಿವೆ.

ಮಾಡಬೇಕಾದ ಕೆಲಸಕ್ಕೆ ಮಾದರಿ ಕಣ್ಣ ಮುಂದೆಯೇ ಇದೆ. ಡಾ. ಫ. ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಅವರು ಮಠಮನೆಗಳನ್ನು ತಿರುಗಿ ಓಲೆಕಟ್ಟುಗಳನ್ನು ಸಂಗ್ರಹಿಸಿದರು, 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ತೆರೆದರು, ತಮ್ಮ ಗಳಿಕೆಯನ್ನೆಲ್ಲ ಅದಕ್ಕೇ ಸುರಿದರು. ಅವರು ಹೊರಡದಿದ್ದರೆ ಎಷ್ಟು ಓಲೆಗಳು ಗೆದ್ದಲಿನ ಪಾಲಾಗುತ್ತಿದ್ದವೋ! ಎಚ್. ಎಲ್. ನಾಗೇಗೌಡರು ಅಧಿಕಾರಿಯಾಗಿದ್ದವರು, ಹಳ್ಳಿಯ ಹಾಡುಗಾರರ ದನಿಯನ್ನು ಮುದ್ರಿಸುತ್ತ ಹೋಗಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಈ ಶತಮಾನದ ಆರಂಭದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಹೆಸರಿನಲ್ಲಿ ಗ್ರಾಮಸ್ಥರೇ ತಮ್ಮ ಕಾರ್ಯಕ್ರಮಗಳನ್ನು ತಯಾರಿಸಿ ಊರಿಗೆ ಕೇಳಿಸಿದರು. ಈ ಕಾರ್ಯಕ್ಕೆ ಬೇಕಾದುದು ಶ್ರದ್ಧೆ, ಪದವಿಯಲ್ಲ.

ಆದರೆ ಶ್ರದ್ಧೆಯೊಂದೇ ಸಾಲದು, ಪ್ರಾಮಾಣಿಕತೆಯೂ ಬೇಕು. ಬೇರೆ ಬೇರೆ ಸಂದರ್ಭಗಳ ವಚನಗಳನ್ನು ಆಯ್ದು, ನಡುವೆ ಗದ್ಯವನ್ನು ಹೆಣೆದು, ಶರಣರ ಸಂವಾದವಾಗಿ ಜೋಡಿಸಿದ ಕೃತಿ ಶೂನ್ಯಸಂಪಾದನೆ. ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲಾಗಿ ನಾಲ್ವರು ಅದನ್ನು ಸಂಪಾದಿಸಿದರು. ಧ್ವನಿ ಸಾಕ್ಷ್ಯಚಿತ್ರವನ್ನು ಕಟ್ಟುವವನ ಕೆಲಸವೂ ಅದೇ ಜಾತಿಯದು. ಸಂಪಾದನಕಾರರು ಅನುಭಾವಿಗಳು, ಅವರ ಕೈಯಲ್ಲಿ ಜೋಡಣೆ ದರ್ಶನವಾಯಿತು. ಅಲ್ಪರ ಕೈಯಲ್ಲಿ ಅದೇ ಜೋಡಣೆ ಮೋಸವಾದೀತು: ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಕತ್ತರಿಸಿ ಇನ್ನೊಂದು ಪ್ರಶ್ನೆಗೆ ಅಂಟಿಸಬಹುದು, ಹಿರಿಯರ ಸಂಕಟವನ್ನು ಅಳಿಸಿ ಹೊಗಳಿಕೆಯನ್ನಷ್ಟೇ ಉಳಿಸಬಹುದು. ಮಠದ ಶಾಲೆಗಳ ಸ್ಮರಣ ಸಂಚಿಕೆಗಳಿಗೆ ಈ ಎಚ್ಚರ ವಿಶೇಷವಾಗಿ ಸಲ್ಲುತ್ತದೆ. ಅಭಿನಂದನೆಯ ಮಾತು ಸಂಚಿಕೆಯಲ್ಲಿ ಶೋಭಿಸುತ್ತದೆ. ಸಾಕ್ಷ್ಯದಲ್ಲಿ ಅದೊಂದೇ ಇದ್ದರೆ ಸಾಕ್ಷ್ಯ ಸೋಲುತ್ತದೆ. ಶುಲ್ಕ ಕಟ್ಟಲಾಗದೆ ಶಾಲೆ ಬಿಟ್ಟ ಹುಡುಗಿಯ ನೆನಪೂ, ಬಡಾವಣೆಗಾಗಿ ಹೊಲ ಕೊಟ್ಟು ಮರುಗಿದ ರೈತನ ಮಾತೂ ಅದರಲ್ಲಿ ಕೇಳಬೇಕು. ಹೇಳಿದವರ ಒಪ್ಪಿಗೆಯಿಲ್ಲದೆ ಏನನ್ನೂ ಹೊರಗೆ ಕೇಳಿಸಬಾರದು.

ಈ ಶಾಲೆಯೇ ಇದಕ್ಕೆ ಮೊದಲಾಗಬಹುದು. ಒಂಬತ್ತನೆಯ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೊಬ್ಬ ಹಿರಿಯರ ಬಳಿ ಕುಳಿತು ಒಂದು ಗಂಟೆಯ ಮಾತನ್ನು ಮುದ್ರಿಸಲಿ. ಮೊದಲಿಗೇ ಹೆಸರು, ಊರು, ದಿನಾಂಕಗಳನ್ನು ನುಡಿಯಲಿ. ಬಳಿಕ ಅದನ್ನು ಇದ್ದಂತೆಯೇ ಬರೆದಿಡಲಿ. ಇಲ್ಲಿ ಕನ್ನಡ ಪಂಡಿತರಿಗೊಂದು ಪರೀಕ್ಷೆಯಿದೆ. ತಪ್ಪು ಕಂಡಲ್ಲಿ ಕೆಂಪು ಶಾಯಿ ಎಳೆಯುವುದು ಅವರ ವೃತ್ತಿಧರ್ಮ. ಆದರೆ ಕೊಡಿಗೇಹಳ್ಳಿಯ ಅಜ್ಜಿ ‘ಹ’ಕಾರವನ್ನು ಬಿಟ್ಟರೆ, ಬಾಗಲಕೋಟೆಯ ಅಜ್ಜ ತನ್ನೂರಿನ ರೀತಿಯಲ್ಲಿ ಕ್ರಿಯಾಪದವನ್ನು ಮುಗಿಸಿದರೆ, ಅದು ತಿದ್ದಬೇಕಾದ ತಪ್ಪಲ್ಲ; ಕಾಯ್ದುಕೊಳ್ಳಬೇಕಾದ ಪಾಠ. ಆ ಹೊತ್ತಿಗೆ ಶಾಯಿಯ ಕುಪ್ಪಿಯನ್ನು ಮುಚ್ಚಿಡುವುದೇ ಪಾಂಡಿತ್ಯ.

ಹಳೆಯ ವಿದ್ಯಾರ್ಥಿಗಳಲ್ಲಿ ಯಂತ್ರವಿದ್ಯೆ ಬಲ್ಲವರು ಅನೇಕರಿದ್ದಾರೆ. ಮುದ್ರಣಗಳನ್ನು ಎರಡು ಮೂರು ಕಡೆ ಪ್ರತಿ ಮಾಡಿ ಕಾಯುವ ಹೊಣೆ ಅವರದಾಗಲಿ. ದಾನಿಗಳು ಕೊಠಡಿ ಕಟ್ಟಿಸಿಕೊಟ್ಟಿದ್ದಾರೆ, ಅವರ ಹೆಸರು ಅಮೃತಶಿಲೆಯಲ್ಲಿ ಮೂಡಿದೆ, ಅದು ನ್ಯಾಯವೇ. ಇನ್ನೊಂದು ಫಲಕಕ್ಕೆ ತಗಲುವ ಹಣದಲ್ಲಿ ಒಳ್ಳೆಯ ಧ್ವನಿಮುದ್ರಣ ಯಂತ್ರವೊಂದನ್ನೂ, ಸದ್ದು ನುಗ್ಗದ ಸಣ್ಣ ಕೋಣೆಯೊಂದನ್ನೂ ಅಣಿಮಾಡಬಹುದೆಂಬುದನ್ನು ಅವರು ಯೋಚಿಸಬೇಕು. ಅನ್ನದಾಸೋಹ ಹಸಿದವರಿಗೆ, ಜ್ಞಾನದಾಸೋಹ ಕಲಿಯುವವರಿಗೆ. ದನಿಯ ದಾಸೋಹ ಇನ್ನೂ ಹುಟ್ಟದವರಿಗೆ.

ಕಿತ್ತಯ್ಯನ ಊರವರು ಕಲ್ಲನ್ನು ಹುಡುಕಿದರು. ಹಳಕಟ್ಟಿಯವರು ಓಲೆಗಳನ್ನು ಹುಡುಕಿದರು. ಈ ತಲೆಮಾರಿನವರು ಹುಡುಕಬೇಕಾದುದು ಪಕ್ಕದ ಮನೆಯ ಜಗುಲಿಯಲ್ಲಿ ಕುಳಿತು, ಯಾರಾದರೂ ಬಂದು ಕೇಳಿಯಾರೆಂದು ಕಾಯುತ್ತಿರುವ ಹಿರಿಯರನ್ನು. ಅವರ ಬಳಿ ಹೇಳುವ ಮಾತು ಬೇಕಾದಷ್ಟಿದೆ. ಕಾಲ ಮಾತ್ರ ಹೆಚ್ಚಿಲ್ಲ.